ಕಂಬದ ಕೆಳಗಿನ ಕೈಮಾತು

ಮೇಜಿನ ಮೇಲೆ ಬೋರಲು ಹಾಕಿದ ಮೊಬೈಲು ಸುಮ್ಮನೆ ಬಿದ್ದಿದ್ದರೂ ನಿಲೇಶನಿಗೆ ಅದು ಇನ್ನೂ ನಡುಗುತ್ತಿದೆ ಅನ್ನಿಸುತ್ತಿತ್ತು. ಪುಣೆಯಿಂದ ತಂಗಿ ಕಾಂಚನ ಕಳಿಸಿದ ಸಂದೇಶವನ್ನು ಅವನು ಒಂದೇ ಸಲ ಓದಿದ್ದ. ಹುಟ್ಟಿನಿಂದ ಕಿವಿ ಕೇಳದ, ಮಾತು ಬಾರದ ಆಕೆ ಕೊಲ್ಹಾಪುರದ ಕಿವುಡರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು. ಬರೆಯುವಾಗ ಶಬ್ದಗಳನ್ನು ಒಂದರ ಪಕ್ಕ ಒಂದು ಇಡುತ್ತಾಳೆಯೇ ಹೊರತು ಹೊಲಿಯುವುದಿಲ್ಲ. ಮಗು ಇಲ್ಲ. ದವಾಖಾನೆ. ಅಪ್ಪಗೆ ಹೇಳು. ಮರಾಠಿಯಲ್ಲಿ ಇಷ್ಟೇ ಇತ್ತು. ಅವನು 'ಹೇಳ್ತೀನಿ, ಕಾಳಜಿ ತಗೋ' ಎಂದು ಬರೆದು ಕೆಳಗೆ ಮುಗಿದ ಕೈಗಳ ಚಿತ್ರ ಒತ್ತಿದ. ಕಾರ್ಖಾನೆಯ ಗುಂಪಿನಲ್ಲಿ ಯಾರ ಹುಟ್ಟುಹಬ್ಬಕ್ಕೂ ಯಾರ ತಿಥಿಗೂ ಅವನು ಒತ್ತುವುದು ಅದೇ ಚಿತ್ರವನ್ನು.  ಕೈಯೇ ಮಾತಾದವಳಿಗೆ ಚಿತ್ರದ ಕೈ ಕಳಿಸಿದ್ದೆನಲ್ಲ ಎಂದು ನಾಚಿಕೆಯಾಯಿತು, ಅಳಿಸಿಹಾಕೋಣವೆಂದರೆ ಅಷ್ಟರಲ್ಲಿ ಆಕೆ ನೋಡಿಬಿಟ್ಟಿದ್ದಳು. ಸರ್ವರ್ ಕೋಣೆಯ ಎ.ಸಿ. ಗೊರಗೊರ ಎನ್ನುತ್ತಿತ್ತು. ಕಿಟಕಿ ಮುಚ್ಚಿದ್ದರೂ ಕಾಕಂಬಿಯ ಹುಳಿವಾಸನೆ ಒಳಗೆ ಬಂದು ಕೂತಿತ್ತು. ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ತೂಕದ ಕಾಟಾದ ಮುಂದೆ ಸಾಲು ನಿಂತಿದ್ದವು. ಎಲ್ಲ ದಿನದಂಥ ದಿನವೇ.

ರಾಯಬಾಗದಿಂದ ಚಿಕ್ಕೋಡಿಯ ಕಡೆಗೆ ಹೋಗುವ ದಾರಿಯಲ್ಲಿ, ಕಬ್ಬಿನ ನಡುವೆ ಇರುವ ಆ ಸಕ್ಕರೆ ಕಾರ್ಖಾನೆಯಲ್ಲಿ ನಿಲೇಶ ಗಣಕಯಂತ್ರಗಳ ಜಾಲವನ್ನು ನೋಡಿಕೊಳ್ಳುವವನು. ಯಾರ ಫೋನು ಯಾವ ವೈಫೈ ಹಿಡಿಯಬೇಕು, ಯಾವ ಕಂಪ್ಯೂಟರ್ ಯಾವುದರ ಜೊತೆ ಮಾತಾಡಬೇಕು ಎಂಬುದೆಲ್ಲ ಅವನ ಕೈಯಲ್ಲಿತ್ತು. ಹೋದ ಹಂಗಾಮಿನಲ್ಲಿ ಎಲ್ಲಿಂದಲೋ ವೈರಸ್ಸು ಹೊಕ್ಕು ಕಾಟಾದ ಕಂಪ್ಯೂಟರುಗಳು ಕೀಲಿ ಬಿದ್ದಂತೆ ನಿಂತಿದ್ದವು. ತೂಕವಾಗದೆ ಕಬ್ಬು ಟ್ರಾಲಿಗಳಲ್ಲೇ ಒಣಗಿತು, ರೈತರು ಟ್ರಾಲಿಗಳ ಅಡಿಯಲ್ಲೇ ಮಲಗಿ ಎದ್ದರು, ಎದ್ದವರು ಬೈದರು. ಆಮೇಲೆ, ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಎಂ.ಡಿ. ವಿರುಪಾಕ್ಷಪ್ಪನವರು ಫೈರ್‌ವಾಲ್ ತರಿಸಿದರು. ನೋಡಲು ಊಟದ ಡಬ್ಬಿಯಷ್ಟು ಎತ್ತರದ ಕಪ್ಪು ಪೆಟ್ಟಿಗೆ. ಅದರೊಳಗೆ ನಿಯಮಗಳನ್ನು ಮೇಲಿನಿಂದ ಕೆಳಗೆ ಬರೆಯಬೇಕು. ಇಂಥವರು ಬರಲಿ, ಇಂಥವರು ಹೋಗಲಿ ಎಂದು. ಎಲ್ಲಕ್ಕಿಂತ ಕೆಳಗೆ ಒಂದು ಕೊನೆಯ ನಿಯಮ: ಉಳಿದವರಾರಿಗೂ ಇಲ್ಲ. ಬೆಳಗಾವಿಯಲ್ಲಿ ತರಬೇತಿ ಕೊಟ್ಟವನು ಆ ಕೊನೆಯ ಸಾಲನ್ನು ತೋರಿಸಿದಾಗ ನಿಲೇಶನಿಗೆ ಮೈ ಬೆಚ್ಚಗಾಗಿತ್ತು. ಕಾರಣ ಕೊಡಬೇಕಾಗಿಲ್ಲದ ಸಾಲು. ನಿಪ್ಪಾಣಿಯ ತಂಬಾಕಿನ ವಖಾರದಲ್ಲಿ ಅಪ್ಪ ಭರಮು ದುಡಿಯುತ್ತಿದ್ದಾಗ, ದೀಪಾವಳಿಗೆ ಮಾಲೀಕರ ಮನೆಯ ಫರಾಳದ ತಿಂಡಿ ತರಲು ಅಪ್ಪನ ಬೆರಳು ಹಿಡಿದು ಅವನೂ ಹೋಗುತ್ತಿದ್ದ. ಅಂಗಳದ ಕಲ್ಲು ಎಲ್ಲಿ ಮುಗಿಯುತ್ತದೋ ಅಲ್ಲಿ ಅಪ್ಪ ತಾನಾಗಿ ನಿಲ್ಲುತ್ತಿದ್ದ. ಯಾರೂ ನಿಲ್ಲು ಎಂದು ಹೇಳಿದ್ದನ್ನು ನಿಲೇಶ ಕೇಳಿರಲಿಲ್ಲ. ಈಗ ಗೆರೆ ಎಳೆಯುವ ಕೆಲಸ ತನ್ನದು, ತನ್ನ ಗೆರೆ ಜಾತಿ ಕೇಳುವುದಿಲ್ಲ, ಊರು ಕೇಳುವುದಿಲ್ಲ, ಬರೀ ಯಂತ್ರದ ನಂಬರು ಕೇಳುತ್ತದೆ ಎಂದು ಅವನು ಆವತ್ತು ಬಸ್ಸಿನಲ್ಲಿ ಬರುತ್ತ ಬಹಳ ಹೆಮ್ಮೆಪಟ್ಟಿದ್ದ.

ಆ ಗೆರೆಯಾಚೆ ನಿಂತವರ ಪಟ್ಟಿ ಪರದೆಯ ಮೇಲೆ ಕೆಂಪು ಸಾಲುಗಳಾಗಿ ಏರುತ್ತದೆ. ಕಬ್ಬು ತಂದ ಡ್ರೈವರುಗಳ ಫೋನು, ಯಾರದೋ ಅಳಿಯನ ಲ್ಯಾಪ್‌ಟಾಪು, ಹೊರಗಿನಿಂದ ಕದ ತಟ್ಟುವ ಗುರುತಿಲ್ಲದ ಯಂತ್ರಗಳು. ಸಂಜೆ ಪಾಳಿ ಮುಗಿದ ಭೋಂಗಾ ಕೂಗಿದ ಮೇಲೆ ಅವುಗಳ ನಡುವೆ ಒಂದು ಸಾಲು ಮತ್ತೆ ಮತ್ತೆ ಬರುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ, ಮತ್ತೆ ಬರುತ್ತದೆ. ಅದು ಅಪ್ಪ. ಆ ನಂಬರನ್ನು ನಿಲೇಶ ಬಾಯಿಪಾಠ ಮಾಡಿರಲಿಲ್ಲ, ಆದರೂ ನೂರು ಸಾಲಿನ ನಡುವೆ ಕಣ್ಣು ಅದರ ಮೇಲೆಯೇ ಬೀಳುತ್ತಿತ್ತು. ಕಿಟಕಿಯ ಪರದೆ ಸರಿಸಿದರೆ ಕಾಲೊನಿಯ ಗೇಟಿನ ಒಳಗೆ ವೈಫೈ ಡಬ್ಬಿ ಕಟ್ಟಿದ ಕಂಬ ಕಾಣುತ್ತದೆ, ಕಂಬದ ಬುಡದಲ್ಲಿ ಕಟ್ಟೆ, ಕಟ್ಟೆಯ ಮೇಲೆ ಬಿಳಿ ಟೊಪ್ಪಿಗೆಯ ಅಪ್ಪ. ಪರದೆ ಸರಿಸದೆ ಇದ್ದರೂ ಕೆಂಪು ಸಾಲು ಬಂದೊಡನೆ ಅಪ್ಪ ಬೆರಳನ್ನು ಅಂಗಿಗೆ ಒರೆಸಿಕೊಂಡು ಮತ್ತೊಮ್ಮೆ ಕಾಂಚನಳ ಫೋಟೊದ ಮೇಲೆ ಒತ್ತಿದ ಎಂದು ಇವನಿಗೆ ತಿಳಿಯುತ್ತಿತ್ತು. ಬಹಳ ದಿನದಿಂದ ಹೀಗೆಯೇ ನಡೆದಿತ್ತು.

ಕಾಲೊನಿ ಇರುವುದು ತಗ್ಗಿನಲ್ಲಿ. ಟವರಿನ ಸಿಗ್ನಲ್ಲು ಮಾತಿಗೆ ಸಾಕಾಗುತ್ತದೆ, ಮುಖಕ್ಕೆ ಸಾಲುವುದಿಲ್ಲ. ಕಾಂಚನಳಿಗೆ ಬೇಕಾದದ್ದು ಮುಖ ಮತ್ತು ಕೈ. ಪುಣೆಯಲ್ಲಿ ಅವಳೂ ಅವಳ ಗಂಡನೂ ಅವರ ಗೆಳೆಯರೂ ಶಾಲೆಯಲ್ಲಿ ಕಲಿತ ಸನ್ನೆಯಲ್ಲಿ ಮಾತಾಡುತ್ತಾರೆ. ಅಪ್ಪನಿಗೆ ಅದು ಬಾರದು. ಅಪ್ಪನದು ಮನೆಯ ಸನ್ನೆ. ಅದನ್ನು ಯಾರೂ ಕಲಿಸಿದ್ದಲ್ಲ; ತಮ್ಮೂರಾದ ಭೋಜದ ಮನೆಯಲ್ಲಿ, ಒಲೆಯ ಮುಂದೆ, ಹೊಳೆಯ ದಾರಿಯಲ್ಲಿ ತಾನಾಗಿ ಬೆಳೆದದ್ದು. ಮೂಗು ಒರೆಸಿಕೊಂಡರೆ ನಿಪ್ಪಾಣಿ, ತಂಬಾಕಿನ ಘಾಟಿಗೆ. ಗದ್ದದ ಹಚ್ಚೆಯ ಜಾಗಕ್ಕೆ ಬೆರಳಿಟ್ಟರೆ ಅವ್ವ ಅಕ್ಕುತಾಯಿ. ಅವ್ವ ಹೋದ ಮೇಲೆ ಈ ಭಾಷೆ ಬಲ್ಲವರು ಲೋಕದಲ್ಲಿ ಮೂರೇ ಮಂದಿ ಉಳಿದರು, ಅವರಲ್ಲಿ ನಿಲೇಶ ಒಬ್ಬ. ಚಿಕ್ಕಂದಿನಲ್ಲಿ ಅವನೇ ತಂಗಿಯ ಬಾಯಿ. ಅಂಗಡಿಯವನಿಗೆ, ಮಾಸ್ತರರಿಗೆ, ಸೂಜಿ ಹಾಕುವ ನರ್ಸಮ್ಮನಿಗೆ ಅವಳ ಕೈ ಹೇಳಿದ್ದನ್ನು ಇವನ ಬಾಯಿ ಹೇಳುತ್ತಿತ್ತು. ಆಮೇಲೆ ಯಾವಾಗಲೋ, ಬಹುಶಃ ನಿಪ್ಪಾಣಿಯ ಕಾಲೇಜಿಗೆ ಹೋಗಲು ಶುರುಮಾಡಿದ ಮೇಲೆ, ಬಸ್‌ಸ್ಟ್ಯಾಂಡಿನಲ್ಲಿ ಅವಳು ಕೈಯೆತ್ತಿದರೆ ಇವನು ಕಿಸೆಯೊಳಗೆ ಕೈ ಹಾಕಿಕೊಳ್ಳತೊಡಗಿದ. ಅವಳೂ ಅರ್ಥಮಾಡಿಕೊಂಡು ಹೊರಗೆ ಹೋದಾಗ ಸುಮ್ಮನಿರತೊಡಗಿದಳು. ಈಚೆಗೆ ಇವನಿಗೆ ನೋಡಲು ಹೋದ ಎರಡು ಕಡೆಯ ಹೆಣ್ಣು ತಪ್ಪಿದ್ದವು; ಮನೆತನದಾಗ ಮೂಗರು ಅದಾರಂತ ಎಂದು ಮಧ್ಯಸ್ಥಿಕೆಯವರು ನುಂಗಿ ನುಂಗಿ ಹೇಳಿದ್ದರು. ಅಪ್ಪನಿಗೆ ಅದನ್ನು ಇವನು ಹೇಳಲಿಲ್ಲ. ಹೇಳಲಿಲ್ಲ ಎಂಬುದನ್ನು ತನ್ನ ದೊಡ್ಡಗುಣವೆಂದು ಎಣಿಸಿಕೊಂಡಿದ್ದ.

ಅಪ್ಪನಿಗೆ ನಾಚಿಕೆ ಎಂಬುದಿರಲಿಲ್ಲ. ಕಟ್ಟೆಯ ಮೇಲೆ ಇಟ್ಟಿಗೆಗೆ ಫೋನು ಆನಿಸಿ, ಎರಡೂ ಕೈ ಖುಲ್ಲಾ ಮಾಡಿಕೊಂಡು ಮಾತಿಗೆ ಕೂತನೆಂದರೆ ಮುಗಿಯಿತು. ಗಲ್ಲ ಉಬ್ಬಿಸುವನು, ಹುಬ್ಬು ಹಾರಿಸುವನು, ಎದ್ದು ನಿಂತು ಎಮ್ಮೆ ಹೇಗೆ ಹಗ್ಗ ಕಿತ್ತುಕೊಂಡು ಓಡಿತು ಎಂಬುದನ್ನು ಓಡಿಯೇ ತೋರಿಸುವನು. ಪಾಳಿ ಬಿಟ್ಟು ಬರುವವರು ನಿಂತು ನೋಡಿ ನಗುತ್ತಿದ್ದರು. ಕೆಟ್ಟ ನಗುವೇನಲ್ಲ, ಆದರೂ ನಗು. ಮೊದಮೊದಲು ನಿಲೇಶ ಆ ಹೊತ್ತಿಗೆ ಸರ್ವರ್ ಕೋಣೆಯಲ್ಲೇ ಏನಾದರೂ ಕೆಲಸ ಹಚ್ಚಿಕೊಂಡು ಕೂಡುತ್ತಿದ್ದ. ಒಂದು ದಿನ ಹಾಗೆ ಕೂಡಲಾಗಲಿಲ್ಲ. ಹೊಸ ಪೆಟ್ಟಿಗೆ ಬಂದ ಮೇಲೆ ವಿರುಪಾಕ್ಷಪ್ಪನವರು ಕಂಬಗಳನ್ನೆಲ್ಲ ನೋಡಬೇಕೆಂದು ಇವನನ್ನು ಜೊತೆಗೆ ಕರೆದುಕೊಂಡು ಹೊರಟರು. ಗೇಟಿನ ಹತ್ತಿರ ಬಂದಾಗ ಅಪ್ಪ ಮಗಳಿಗೆ ಏನೋ ಹೇಳುತ್ತ ಎದೆ ಬಡಿದುಕೊಂಡು ನಗುತ್ತಿದ್ದ. ಸಾಹೇಬರು ನಿಂತರು. ಅವರು ಕೆಟ್ಟವರಲ್ಲ, ದ್ರಾಕ್ಷಿತೋಟದ ದೊಡ್ಡ ಮನೆತನದವರು, ಮೆತ್ತಗೆ ಮಾತಾಡುವವರು.

"ಯಾರ ಇವಾ, ಹುಚ್ಚ ಗಿಚ್ಚ ಏನು?" ಎಂದು ಮೆತ್ತಗೇ ಕೇಳಿದರು.

ಗೇಟಿನ ವಾಚಮನ್ ಸಿದರಾಯ ಪಕ್ಕದಲ್ಲೇ ನಿಂತಿದ್ದ. ದಿನಾ ಸಂಜೆ ಅಪ್ಪನ ಜೊತೆ ತಂಬಾಕು ತಿಕ್ಕುವವನು. ನಿಲೇಶ ಬಾಯಿ ತೆರೆದಾಗ ತಾನು ಏನು ಹೇಳುತ್ತೇನೆಂದು ತನಗೇ ಗೊತ್ತಿರಲಿಲ್ಲ.

"ಗೊತ್ತಿಲ್ರಿ ಸಾಹೇಬ್ರ. ಕಾಲೊನಿಯಾಗ ಯಾರದೋ ಕಡೆಯವ್ರು ಇರಬೇಕ್ರಿ."

ಸಿದರಾಯ ಕೆಳಗೆ ನೋಡಿದ. ಸಾಹೇಬರು, ಇಂಥವರ ಫೋನಿನಿಂದಲೇ ಕಾರ್ಖಾನೆಗೆ ರೋಗ ಬರೋದು, ನೌಕರರು ಬರೆದುಕೊಟ್ಟ ಫೋನು ಬಿಟ್ಟು ಉಳಿದದ್ದೆಲ್ಲ ನಾಳೆಯೊಳಗೆ ಬಂದ್ ಆಗಬೇಕು, ಮೊದಲು ಇವನದು ಮಾಡು ಎಂದು ಹೇಳಿ ಮುಂದೆ ನಡೆದರು. ಮನೆಯವರ ಫೋನನ್ನೂ ನೌಕರರು ಬರೆಸಬಹುದಿತ್ತು. ಹೆಸರು, ಸಂಬಂಧ, ಸಾಹೇಬರ ಸಹಿ. ನಿನ್ನೆ ಯಾರದೋ ಕಡೆಯವನಾಗಿದ್ದವನನ್ನು ಇವತ್ತು ಅಪ್ಪ ಎಂದು ಬರೆದು ಸಹಿಗೆ ಇಡುವುದು ಹೇಗೆ? ನಾಳೆ ಬರೆದರಾಯಿತು, ಸಾಹೇಬರು ಮರೆತ ಮೇಲೆ ಬರೆದರಾಯಿತು, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ನಿಲೇಶ ಲೆಕ್ಕ ಹಾಕಿದ. ಮರುದಿನ ಬೆಳಿಗ್ಗೆ ಅವನೇ, ತನ್ನ ಕೈಯಿಂದಲೇ, ಅಪ್ಪನ ಫೋನನ್ನು ಪಟ್ಟಿಯಿಂದ ತೆಗೆದ. ಪೆಟ್ಟಿಗೆ ಒಂದು ಪ್ರಶ್ನೆ ಕೇಳಿತು, ಖಾತ್ರಿಯೇ ಎಂದು. ಅವನು ಹೌದು ಎಂದು ಒತ್ತಿದ. ಅಂದಿನಿಂದ ಸಿದರಾಯ ಇವನಿಗೆ ಮೊದಲಿಗಿಂತ ಹೆಚ್ಚು 'ರಿ' ಹಚ್ಚಿ ಮಾತಾಡುತ್ತಾನೆ. ಆ 'ರಿ' ಕಿವಿಗೆ ಬಿದ್ದಾಗಲೆಲ್ಲ ನಿಲೇಶ ಹೆಜ್ಜೆ ಬೇಗ ಹಾಕುತ್ತಾನೆ.

ಇಷ್ಟೇ ಆಗಿದ್ದರೆ ಅಪ್ಪ ಸಹಿಸುತ್ತಿದ್ದನೇನೋ. ಫೋನು ಬಂದ್ ಆಗುವ ಹಿಂದಿನ ಸಂಜೆ, ಅಂದರೆ ಆ ಎದೆ ಬಡಿದುಕೊಂಡ ನಗುವಿನ ಸಂಜೆಯೇ, ಕಾಂಚನ ತಾನು ಬಸುರಿ ಎಂದು ಹೇಳಿದ್ದಳು. ಸಾಹೇಬರು ಅತ್ತ ಹೋದ ಮೇಲೂ ಅಪ್ಪ ಮಗಳು ಮಾತಾಡುತ್ತಲೇ ಇದ್ದರು. ಖುಷಿಯ ಭರದಲ್ಲಿ ಅಪ್ಪ ಒಂದು ಪ್ರಶ್ನೆ ಕೇಳಿಬಿಟ್ಟ. ಕಿವಿಯನ್ನು ಮುಟ್ಟಿಕೊಂಡ, ಹುಬ್ಬು ಎತ್ತಿದ. ಹುಟ್ಟುವ ಕೂಸಿಗೆ ಕೇಳಿಸುತ್ತದೇನು? ಅವಳ ಕೈ ಗಾಳಿಯಲ್ಲಿ ನಿಂತವಂತೆ. ಮುಖ ಬೇರೆಯಾಯಿತಂತೆ. ಫೋನು ಇಟ್ಟಳು. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಇದನ್ನೆಲ್ಲ ಹೇಳಿ, ನನ್ನ ನಾಲಿಗೆ ಸುಡಲಿ ಅನ್ನಬೇಕೋ ಕೈ ಸುಡಲಿ ಅನ್ನಬೇಕೋ ಎಂದು ನಗಲು ನೋಡಿದ, ಆಗಲಿಲ್ಲ. ನಾಳೆ ಸಮಾಧಾನ ಮಾಡುತ್ತೇನೆ ಎಂದ. ಮರುದಿನ ಫೋಟೊ ಒತ್ತಿದರೆ ಚಕ್ರ ತಿರುಗಿತು, ಮುಖ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ನೆಟ್‌ವರ್ಕಿನ ತೊಂದರೆ ಎಂದು ನಿಲೇಶ ಹೇಳಿದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಪುಣೆಯಿಂದ ಕಾಂಚನ, ಅಪ್ಪ ಎಲ್ಲಿ, ಅಪ್ಪ ಸಿಟ್ಟು ಎಂದು ಬರೆದಾಗಲೂ ಅದನ್ನೇ ಬರೆದ. ಆದರೆ ಅಪ್ಪ ದಡ್ಡನಲ್ಲ. ಅದೇ ಕಟ್ಟೆಯ ಮೇಲೆ ಕೂತ ಪಾಳಿಯ ಹುಡುಗರ ಫೋನಿನಲ್ಲಿ ಚಿತ್ರಗಳು ಕುಣಿಯುವುದನ್ನು ನೋಡಿ ಮನೆಗೆ ಬಂದ, ಟೊಪ್ಪಿಗೆ ತೆಗೆದು ಮೊಳೆಗೆ ಹಾಕಿದ.

"ಮಂದೀ ಫೋನಿನ್ಯಾಗ ಎಲ್ಲಾ ಬರತೈತಿ, ನಿಲ್ಯಾ. ನಂದರಾಗಷ್ಟ ಇಲ್ಲ. ಆಕೀನ ನನ್ನ ಬಂದ್ ಮಾಡಿರಬೇಕು."

ನಿಲೇಶ ರೊಟ್ಟಿ ಮುರಿಯುತ್ತಿದ್ದ. ಇಲ್ಲಪಾ, ಆಕಿ ಅಲ್ಲ, ನಾನು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿರಲಿಲ್ಲ. ಹೇಳಿದರೆ ಯಾಕೆ ಎಂದು ಅಪ್ಪ ಕೇಳುತ್ತಿದ್ದ. ಯಾಕೆ ಎಂಬುದು ಗೇಟಿನ ಹತ್ತಿರದ ಆ ಒಂದು ಮಾತಿಗೆ ಹೋಗಿ ಮುಟ್ಟುತ್ತಿತ್ತು.

"ಸಿಟ್ಟ ಇಳಿದ ಮ್ಯಾಲ ಆಕೀನ ಮಾಡ್ತಾಳ ಬಿಡಪಾ" ಎಂದುಬಿಟ್ಟ.

ಅಪ್ಪ ಗೋಣು ಹಾಕಿದ. ಹೌದೆನ್ನುವಂತೆ, ತಪ್ಪು ತನ್ನದೇ ಎನ್ನುವಂತೆ. ಇಲ್ಲಿ ಮಂದಿಯ ಮುಂದೆ ಬೇಡ, ಭಾನುವಾರ ರಾಯಬಾಗಕ್ಕೆ ಗಾಡಿಯ ಮೇಲೆ ಕರೆದುಕೊಂಡು ಹೋಗುತ್ತೇನೆ, ಅಲ್ಲಿ ನನ್ನ ಫೋನಿನಿಂದ ಮಾತಾಡು ಎಂದು ನಿಲೇಶ ಮಾತು ಕೊಟ್ಟ. ಭಾನುವಾರ ಅಪ್ಪ ತೊಳೆದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ಕೂತ. ಕಾಟಾದಲ್ಲಿ ಏನೋ ಕೆಟ್ಟಿತೆಂದು ಕರೆ ಬಂದು ಇವನು ಹೋದ. ಕೆಟ್ಟದ್ದು ಸಣ್ಣದು, ಬೇಗ ಮುಗಿದಿತ್ತು. ಆದರೂ ಇವನು ಸಂಜೆಯವರೆಗೆ ಅಲ್ಲೇ ಕೂತ. ತಂಗಿಯ ಮುಖ ನೋಡಿದರೆ ಅಪ್ಪನಿಗೆ ನಿಜ ಗೊತ್ತಾಗುತ್ತದೆ ಎಂಬ ಭಯ ತನಗಿತ್ತು ಎಂಬುದನ್ನು ಆವತ್ತು ಒಪ್ಪಿಕೊಂಡಿರಲಿಲ್ಲ. ಈಗ, ಎ.ಸಿ.ಯ ಗೊರಗೊರದ ಕೆಳಗೆ, ಬೋರಲು ಬಿದ್ದ ಮೊಬೈಲಿನ ಮುಂದೆ, ಒಪ್ಪಿಕೊಳ್ಳದೆ ಗತಿಯಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಹೋದಾಗ ಹೇಳುವುದೆಂದು ನಿಶ್ಚಯಿಸಿದ. ದಾರಿಯುದ್ದಕ್ಕೂ ವಾಕ್ಯ ಕಟ್ಟಿದ. ಅಪ್ಪಾ, ಕಾಂಚೂಗ ಆರಾಮಿಲ್ಲ. ಅಪ್ಪಾ, ದೇವ್ರ ಮಾಡಿದ್ದು. ಅವರ ಮನೆಯಲ್ಲಿ ದೇವರಿರಲಿಲ್ಲ. ಗೋಡೆಯ ಮೇಲೆ ಬುದ್ಧನಿದ್ದ, ಕೋಟು ತೊಟ್ಟ ಬಾಬಾಸಾಹೇಬರಿದ್ದರು. ದೇವರ ಮೇಲೆ ಹಾಕುವ ಸವಲತ್ತೂ ತನಗಿಲ್ಲವಲ್ಲ ಎಂದುಕೊಂಡು ಬಾಗಿಲ ಹತ್ತಿರ ಬಂದವನು ಅಲ್ಲೇ ನಿಂತ. ಒಳಗೆ ಅಪ್ಪ ಗೋಡೆಯ ಕನ್ನಡಿಯ ಮುಂದೆ ನಿಂತು ಕೈ ಆಡಿಸುತ್ತಿದ್ದ. ಒಂದು ಸಲ ಮಾಡಿದ, ಸರಿಹೋಗಲಿಲ್ಲವೆಂದು ತಲೆ ಅಲ್ಲಾಡಿಸಿದ, ಮತ್ತೆ ಮೊದಲಿಂದ ಮಾಡಿದ. ಮಗಳ ಮುಂದೆ ಹೇಳಬೇಕಾದದ್ದನ್ನು ರೂಢಿ ಮಾಡಿಕೊಳ್ಳುತ್ತಿದ್ದ. ನಿಲೇಶನಿಗೆ ಬೆನ್ನಷ್ಟೇ ಕಾಣುತ್ತಿತ್ತು, ಮೊಣಕೈಗಳು ಏರಿಳಿಯುವುದಷ್ಟೇ ಕಾಣುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ಮಾತೂ ಕಾಣುತ್ತಿತ್ತು, ಆದರೆ ಅವನು ನೋಡಲಿಲ್ಲ. ಚಪ್ಪಲಿ ಸದ್ದು ಮಾಡಿದ. ಅಪ್ಪ ಕಳ್ಳನಂತೆ ಕೈ ಇಳಿಸಿ, ಬಂದಿ ಏನಪಾ, ಇವತ್ತ ಪುಂಡಿಪಲ್ಯ ಮಾಡೇನಿ ಎಂದ. ನಿಲೇಶ ಉಂಡ. ಎರಡನೆಯ ಸಲ ಪಲ್ಯ ಹಾಕಿಸಿಕೊಂಡ. ಸಂಜೆ ಕಟ್ಟೆಗೆ ಹೋಗು ಅಪ್ಪಾ, ಇವತ್ತ ಫೋನ್ ಹತ್ತತೈತಿ, ನಾ ರಿಪೇರಿ ಮಾಡಿಸೇನಿ ಎಂದ. ಅಪ್ಪನ ಮುಖ ಬೆಳಗಿದ್ದನ್ನು ಕಂಡು ಬೇಗ ಕೈ ತೊಳೆಯಲು ಎದ್ದ. ಅವಳೇ ಹೇಳಲಿ, ಹೊಟ್ಟೆಯ ದುಃಖ ಅವಳ ಕೈಯಿಂದಲೇ ಬಂದರೆ ಚಂದ, ನಡುವೆ ನಾನ್ಯಾರು ಎಂದು ಕಾರ್ಖಾನೆಯ ಕಡೆ ನಡೆಯುತ್ತ ತನಗೆ ತಾನೇ ಸಮಜಾಯಿಷಿ ಹೇಳಿಕೊಂಡ. ಅದು ಸಮಜಾಯಿಷಿಯೆಂದು ಗೊತ್ತಿದ್ದರೂ ಹೇಳಿಕೊಂಡ.

ಸಾಹೇಬರ ಅಪ್ಪಣೆಯಿಲ್ಲದೆ ನಿಯಮ ಬದಲಿಸುವ ಧೈರ್ಯ ಅವನಿಗಿರಲಿಲ್ಲ. ಮಧ್ಯಾಹ್ನದ ಮೇಲೆ ಅವರ ಕೋಣೆಯ ಹೊರಗೆ ಬಹಳ ಹೊತ್ತು ಕಾದ. ಒಳಗೆ ಯಾರೋ ಅಥಣಿಯ ಕಡೆಯ ರೈತ ಮುಖಂಡರು ಚಹಾ ಕುಡಿಯುತ್ತಿದ್ದರು. ಕೊನೆಗೆ ಒಳಗೆ ಕರೆದಾಗ ಅವನು, ಕಂಬದ ಕಟ್ಟೆಯ ಮೇಲೆ ಕೂಡುತ್ತಿದ್ದ ಆ ಮುದುಕರ ಫೋನು, ಅವತ್ತು ತಾವು ಬಂದ್ ಮಾಡು ಅಂದಿದ್ದಿರಲ್ಲ, ಅದನ್ನು ಬಿಡಬೇಕಾಗಿತ್ತು ಎಂದು ತೊದಲಿದ. ವಿರುಪಾಕ್ಷಪ್ಪನವರು ಕನ್ನಡಕದ ಮೇಲಿನಿಂದ ನೋಡಿದರು. ಯಾವ ಮುದುಕ, ಯಾವ ಕಟ್ಟೆ ಎಂಬುದು ಅವರ ನೆನಪಿನಲ್ಲಿ ಇರಲೇ ಇಲ್ಲ. ಅವರು ನೆನಪು ಮಾಡಿಕೊಳ್ಳಲು ಪ್ರಾಮಾಣಿಕವಾಗಿ ಒಂದು ಗಳಿಗೆ ಯತ್ನಿಸಿದರು, ಅದು ಇನ್ನೂ ಕೆಟ್ಟದಾಗಿತ್ತು.

"ಇಂಥಾ ಸಣ್ಣ ಮಾತಿಗೆ ನನ್ನ ಕೇಳಾಕ ಬರತಾರೇನು? ಬಿಟ್ಟಬಿಡು."

ಅವನು ಹೌದ್ರಿ ಎಂದ. ಆ ಮುದುಕರು ಯಾರೆಂದು ಸಾಹೇಬರು ಈಗ ಕೇಳಿದರೆ ಹೇಳಿಬಿಡಬೇಕೆಂದು ಕಾದ. ಅವರು ಕೇಳಲಿಲ್ಲ, ಫೋನು ಎತ್ತಿಕೊಂಡರು. ಹೊರಗೆ ಬಂದವನು ನೀರಿನ ಫಿಲ್ಟರಿನ ಹತ್ತಿರ ಹೋಗಿ ನಿಂತು ಬೇಡದ ನೀರು ಕುಡಿದ. ಯಾರ ಕಣ್ಣಿಗೆ ತಾನು ಸಣ್ಣವನಾಗಬಾರದೆಂದು ಅಪ್ಪನ ಬಾಯಿ ಮುಚ್ಚಿದ್ದನೋ ಆ ಕಣ್ಣು ಅಪ್ಪನನ್ನು ನೋಡಿಯೇ ಇರಲಿಲ್ಲ. ಸರ್ವರ್ ಕೋಣೆಗೆ ಬಂದು ಪಟ್ಟಿ ತೆರೆದ. ಅಪ್ಪನ ಫೋನಿನ ನಂಬರು ಹಾಕಿದ. ಯಾರ ಕಡೆಯವರು ಎಂಬ ಖಾನೆಯಲ್ಲಿ ತನ್ನ ಹೆಸರು ಬರೆದ, ಸಂಬಂಧ ಎಂಬಲ್ಲಿ ತಂದೆ ಎಂದು ಬರೆದ. ಈಗ ಅದನ್ನು ಓದುವವರು ಯಾರೂ ಇರಲಿಲ್ಲ. ಪೆಟ್ಟಿಗೆ ಮತ್ತೆ ಖಾತ್ರಿಯೇ ಎಂದು ಕೇಳಿತು, ಇವನು ಹೌದೆಂದ, ಕಣ್ಣು ಮಿಟುಕಿಸುವುದರೊಳಗೆ ಕೆಲಸ ಮುಗಿಯಿತು. ಇಷ್ಟು ದಿನ ಆಗದೆ ಇದ್ದದ್ದು ಇಷ್ಟೇ ಕೆಲಸ.

ಭೋಂಗಾ ಕೂಗುವ ಮೊದಲೇ ಅಪ್ಪ ಕಟ್ಟೆಯ ಮೇಲಿದ್ದ. ಭಾನುವಾರದ ಅಂಗಿಯನ್ನೇ ಹಾಕಿಕೊಂಡಿದ್ದ. ಸರ್ವರ್ ಕೋಣೆಯಲ್ಲಿ ಕೂಡಲಾಗದೆ ನಿಲೇಶ ಕೆಳಗಿಳಿದು ಬಂದು ಅವನ ಹಿಂದೆ, ನಾಲ್ಕು ಹೆಜ್ಜೆ ದೂರದಲ್ಲಿ, ಸಿದರಾಯನ ಕುರ್ಚಿಯ ಪಕ್ಕ ನಿಂತ. ಅಪ್ಪ ಅಂಗಿಗೆ ಬೆರಳು ಒರೆಸಿಕೊಂಡು ಫೋಟೊ ಒತ್ತಿದ. ಚಕ್ರ ಒಂದು ಸುತ್ತೂ ತಿರುಗಲಿಲ್ಲ, ಕಾಂಚನಳ ಮುಖ ಬಂತು. ಕೂದಲು ಕಟ್ಟಿರಲಿಲ್ಲ. ಗೋಡೆಗೆ ಒರಗಿ ಕೂತಿದ್ದಳು, ಹೊದಿಕೆ ಎದೆಯವರೆಗೆ ಇತ್ತು. ನೋಡುವವರಿಗೆ ಆ ಮುಖವೇ ಎಲ್ಲ ಹೇಳುತ್ತಿತ್ತು. ಆದರೆ ಅಪ್ಪನಿಗೆ ಬಂದಳಲ್ಲ ಎಂಬುದೇ ಕಾಣುತ್ತಿತ್ತು, ಮತ್ತೆ ಸಿಟ್ಟಾಗಿ ಇಡುವ ಮೊದಲೇ ಹೇಳಿಬಿಡಬೇಕೆಂಬ ಅವಸರ. ಅವಳ ಕೈ ಏಳುವ ಮೊದಲೇ ಅಪ್ಪ ಅಂಗೈ ತೋರಿಸಿ ತಡೆ ಎಂದ. ಕನ್ನಡಿಯ ಮುಂದೆ ಕಲಿತದ್ದನ್ನು ಶುರುಮಾಡಿದ. ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿಕೊಂಡು, ತಲೆ ಅಲ್ಲಾಡಿಸಿ, ಕೈಗಳನ್ನು ಗಾಳಿಗೆ ಒಗೆದ: ಕೇಳದಿದ್ದರೆ ಬಿಡು. ಅವಳನ್ನು ತೋರಿಸಿ ಎದೆಗೆ ಅಂಗೈ ಇಟ್ಟ: ನಿನ್ನ ಹಾಗೆಯೇ ಇರಲಿ, ನನಗೆ ಬೇಕು. ತನ್ನ ಮುದಿಕೈಗಳನ್ನು ಮುಂದೆ ಹಿಡಿದು ಬೆರಳುಗಳನ್ನು ಒಂದೊಂದಾಗಿ ಆಡಿಸಿದ: ಇವು ಅದಾವಲ್ಲ, ಎಲ್ಲ ಕಲಿಸುತ್ತೇನೆ. ಎಮ್ಮೆ, ಹೊಳೆ, ನಿಪ್ಪಾಣಿ, ಅದರ ಅಜ್ಜಿ. ಕೊನೆಗೆ ಎರಡು ತೋಳು ಸೇರಿಸಿ ತೂಗಿದ. ಮೆಲ್ಲಗೆ, ನಿದ್ದೆ ಹಚ್ಚುವ ಹಾಗೆ, ಮಗಳ ಕಡೆ ನೋಡಿ ನಗುತ್ತ ತೂಗಿದ.

ನಿಲೇಶ ಮುಂದೆ ಹೋಗಿ ಆ ತೋಳುಗಳನ್ನು ಹಿಡಿದು ನಿಲ್ಲಿಸಬೇಕೆಂದುಕೊಂಡ, ಕಿಸೆಯೊಳಗೆ ಕೈ ಹಾಕಿಕೊಂಡ. ಪಾಳಿ ಬಿಟ್ಟ ಮೂರು ನಾಲ್ಕು ಮಂದಿ ನಿಂತು ನಗುತ್ತಿದ್ದರು, ಸಿದರಾಯ ಅವರನ್ನು ಕಣ್ಣಿನಿಂದಲೇ ಆಚೆ ಕಳಿಸಿದ. ಕಾಂಚನ ಅಪ್ಪನನ್ನು ಮುಗಿಸಲು ಬಿಟ್ಟಳು. ಆಮೇಲೆ ಹೊಟ್ಟೆಯ ಮೇಲೆ ಕೈ ಇಟ್ಟು, ಆ ಕೈಯನ್ನು ತೆಗೆದು, ಬರಿಯ ಅಂಗೈಯನ್ನು ಅವನ ಕಡೆ ತಿರುಗಿಸಿದಳು. ಅಪ್ಪನ ತೋಳು ಇನ್ನೊಂದು ಸಲ ತೂಗಿ ಅರ್ಧಕ್ಕೆ ನಿಂತವು. ಅವನ್ನು ಕೆಳಗೆ ಇಳಿಸುವುದು ಹೇಗೆಂದು ಗೊತ್ತಾಗದವನಂತೆ ಹಾಗೆಯೇ ಹಿಡಿದುಕೊಂಡು ಕೂತ. ಅವಳು ಅಪ್ಪನ ಹೆಗಲಾಚೆ ಬೆರಳು ಮಾಡಿದಳು: ಅವನಿಗೆ ಹೇಳಿದ್ದೆ. ಅಪ್ಪ ತಿರುಗಿದ.

"ನಿನಗ ಗೊತ್ತಿತ್ತೇನೋ?"

"ಮುಂಜಾನಿ ಗೊತ್ತಾತು."

"ಮುಂಜಾನಿ" ಎಂದ ಅಪ್ಪ. "ಮಧ್ಯಾಹ್ನ ಮನಿಗೆ ಬಂದಿದ್ದಿಯಲ್ಲ. ಉಂಡಿ" ಎಂದ. ಬೈಯುವ ದನಿಯಲ್ಲ.

ಫೋನಿನಲ್ಲಿ ಕಾಂಚನ ಕೈ ಆಡಿಸಿ ಕ್ಯಾಮರಾದ ಮುಂದೆ ಕರೆದಳು. ಇಬ್ಬರೂ ಅತ್ತ ನೋಡಿದರು. ಅವಳು ಅಪ್ಪನನ್ನು ಕೇಳಿದಳು: ಇಷ್ಟು ದಿನ ಯಾಕೆ ಬರಲಿಲ್ಲ? ನಾನು ಕರೆದೆ, ಕರೆದೆ. ಕೂಸು ನನ್ನ ಹಾಗಾದರೆ ನಿನಗೆ ಬೇಡವಾಗಿತ್ತೇನು? ಅಪ್ಪ ಬೆದರಿದವನಂತೆ ಕೈಯೆತ್ತಿ ಇಲ್ಲ ಇಲ್ಲ ಎಂದ, ಅವಳನ್ನು ತೋರಿಸಿದ: ನೀನೇ ಸಿಟ್ಟಾಗಿ ನನ್ನನ್ನು ಬಿಟ್ಟೆ. ಅವಳು ತಲೆ ಅಲ್ಲಾಡಿಸಿದಳು. ಒಂದು ಗಳಿಗೆ ಅಪ್ಪ ಮಗಳು ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಇಬ್ಬರೂ ನಿಲೇಶನ ಕಡೆ ನೋಡಿದರು.

"ಇವತ್ತ ಫೋನ್ ಹತ್ತತೈತಿ ಅಂದಾಂವ ನೀನ. ಹೇಳ ಆಕೀಗಿ" ಎಂದ ಅಪ್ಪ. "ನಾ ಹೇಳೂದಿಲ್ಲ, ನೀನ ಹೇಳು."

ಅವನು ಕಟ್ಟೆಯ ಮೇಲೆ ಅಪ್ಪನ ಪಕ್ಕ ಕೂತ. ಕಿಸೆಯಿಂದ ಕೈ ಹೊರಗೆ ತೆಗೆದ. ಬಾಯಿಗೆ ಬೇಕಾದಷ್ಟು ಮಾತು ಬಂದವು. ವೈರಸ್ಸು, ಫೈರ್‌ವಾಲು, ಸಾಹೇಬರ ಹುಕುಂ, ಎಲ್ಲರ ಸುರಕ್ಷತೆ, ನನ್ನ ನೌಕರಿ, ನಾಳೆ ಬರೆಸೋಣವೆಂದಿದ್ದೆ. ಇವುಗಳಲ್ಲಿ ಒಂದನ್ನೂ ಅವರ ಮನೆಯ ಕೈಮಾತಿನಲ್ಲಿ ಹೇಳಲು ಬರುತ್ತಿರಲಿಲ್ಲ. ಭೋಜದ ಆ ಮನೆಯಲ್ಲಿ ಹುಕುಂ ಎಂಬುದಕ್ಕೆ ಸನ್ನೆಯಿರಲಿಲ್ಲ, ನಿಯಮಕ್ಕಿರಲಿಲ್ಲ, ಅನಿವಾರ್ಯಕ್ಕಿರಲಿಲ್ಲ. ಅಲ್ಲಿ ಇದ್ದದ್ದು ನಾನು, ನೀನು, ಬಾ, ಹೋಗು, ಕೊಟ್ಟೆ, ಕೊಡಲಿಲ್ಲ. ಬೆರಳುಗಳು ಬಹಳ ವರ್ಷದಿಂದ ಮಾತಾಡದೆ ಜಡ್ಡುಗಟ್ಟಿದ್ದವು. ಅವನು ತೋರುಬೆರಳನ್ನು ತನ್ನ ಎದೆಗೆ ಒತ್ತಿದ. ಆಮೇಲೆ ಎರಡೂ ಅಂಗೈಗಳನ್ನು ಮುಖದ ಮುಂದೆ ಬಾಗಿಲ ಎರಡು ಕದಗಳ ಹಾಗೆ ತಂದು ಮುಚ್ಚಿದ.

ಮುಚ್ಚಿದ ಕೈಗಳ ಹಿಂದೆ ಸ್ವಲ್ಪ ಹೊತ್ತು ಹಾಗೆಯೇ ಇದ್ದ. ತೆಗೆದಾಗ ಕಾಂಚನ ಫೋನು ಇಟ್ಟಿರುತ್ತಾಳೆ ಎಂದುಕೊಂಡಿದ್ದ. ಇಟ್ಟಿರಲಿಲ್ಲ. ಚಿತ್ರ ಒಂದು ಸಲವೂ ತಡೆಯಲಿಲ್ಲ, ಒಡೆಯಲಿಲ್ಲ; ಅವಳ ಮುಖ ಪೂರ್ತಿ ಕಾಣುತ್ತಿತ್ತು.